ಮರವಿಲ್ಲದ ಸೂರಿನಡಿ ಮಲಗಿ ಬಂದದ್ದು

ಹೊರಟಿದ್ದು, ನಿಡುಗಲ್ಲಿನ ಬುಡದಿಂದ

ನಾನು ಈಜಿಪ್ಟಿಗೆ ಹೋದದ್ದು ಒಂದು ಸೂರಿನ ಕೆಳಗೆ ಮಲಗಿ ಎದ್ದು ಬರುವುದಕ್ಕೆ. ಪಿರಮಿಡ್ಡು ನೋಡಿದಿರಾ, ಒಂಟೆ ಹತ್ತಿದಿರಾ ಎಂದು ಕೇಳುವವರಿಗೆಲ್ಲ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಪಿರಮಿಡ್ಡನ್ನು ದೂರದಿಂದ, ಬಸ್ಸಿನ ಕಿಟಕಿಯಲ್ಲಿ, ನಿದ್ದೆಗಣ್ಣಲ್ಲಿ ನೋಡಿದೆ. ಮಧುಗಿರಿ ಬೆಟ್ಟದ ಬುಡದಲ್ಲಿ ಹೈಸ್ಕೂಲು ಓದಿದವಳಿಗೆ ಕಲ್ಲಿನ ಎತ್ತರ ತೋರಿಸಿ ಹೆದರಿಸುವುದು ಕಷ್ಟ.

ನನ್ನ ಯಜಮಾನರು ಬೆಂಗಳೂರಿನ ಕಾಲೇಜೊಂದರಲ್ಲಿ ವಾಸ್ತುಶಿಲ್ಪದ ಪ್ರೊಫೆಸರು. ಹುಟ್ಟಿದ್ದು ಕೊರಟಗೆರೆ ಕಡೆ. ಕಟ್ಟಡ ಯಾಕೆ ನಿಲ್ಲುತ್ತದೆ, ಯಾಕೆ ಬೀಳುತ್ತದೆ ಅನ್ನುವುದೇ ಅವರ ಪಾಠ. ಮನೆಯಲ್ಲಿ ಹಗ್ಗ, ದಾರ, ಸರ, ಏನು ಸಿಕ್ಕರೂ ಎರಡು ತುದಿ ಹಿಡಿದು ನೇತುಬಿಟ್ಟು ನೋಡುತ್ತಾ ನಿಲ್ಲುವುದು ಅವರ ಚಾಳಿ. "ನೋಡೇ, ತಾನಾಗೇ ಒಂದು ಆಕಾರಕ್ಕೆ ಬಂತು. ಇದನ್ನೇ ತಲೆಕೆಳಗು ಮಾಡಿ ಮಣ್ಣಲ್ಲಿ ಕಟ್ಟಿದ್ರೆ ಮರ ಬೇಡ, ಕಬ್ಬಿಣ ಬೇಡ. ತನ್ನ ಭಾರ ತಾನೇ ಹೊತ್ಕೊಳ್ಳುತ್ತೆ." ಮದುವೆಯಾದ ಹೊಸತರಲ್ಲಿ ನನ್ನ ಮುಡಿಯ ಹೂವನ್ನು ಮೆಲ್ಲಗೆ ಬಿಡಿಸಿಕೊಂಡಾಗ ನಾನು ಬೇರೇನೋ ಅಂದುಕೊಂಡಿದ್ದೆ. ಅವರು ಅದನ್ನು ಎರಡು ಕೈಯಲ್ಲಿ ಹಿಡಿದು ದೀಪಕ್ಕೆ ಅಡ್ಡ ನೇತುಬಿಟ್ಟರು.

ಸುಡದ ಇಟ್ಟಿಗೆಯಲ್ಲಿ ಕಮಾನು ಸೂರಿನ ಕಟ್ಟಡವೊಂದನ್ನು ಕಟ್ಟಬೇಕು, ಅದೂ ನಮ್ಮ ಬಯಲುಸೀಮೆಯಲ್ಲಿ ಕಟ್ಟಬೇಕು ಅನ್ನುವುದು ಅವರ ಜೀವಮಾನದ ಆಸೆ. ನಕ್ಷೆ ಬರೆದದ್ದೇ ಬಂತು. ಕಚೇರಿಗಳಲ್ಲಿ ಎಲ್ಲರೂ ಕಾಫಿ ಕೊಟ್ಟು ತಲೆಯಾಡಿಸುತ್ತಿದ್ದರು, ಕಟ್ಟಿ ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ. ರಿಟೈರಾಗುವ ಕಾಲ ಹತ್ತಿರ ಬಂದಾಗ ಒಂದು ಅವಕಾಶ ಕಂಡಿತು, ಅದೂ ನನ್ನ ತವರಿನಲ್ಲಿ. ಪಾವಗಡ ತಾಲ್ಲೂಕಿನಲ್ಲಿ ನಿಡುಗಲ್ ಬೆಟ್ಟದ ಕೆಳಗೆ ನಮ್ಮ ಊರು. ಅಲ್ಲಿಯ ಬಾಲವಾಡಿಯ ಮಾಳಿಗೆ ಒಂದು ಮಳೆಗೆ ಕುಸಿದುಬಿದ್ದಿತ್ತು. ತೊಲೆಗಳನ್ನು ಗೆದ್ದಲು ತಿಂದಿದ್ದವು, ಮೇಲಿನ ಮಣ್ಣು ನೆನೆದು ದಡ್ ಎಂದು ಕೂತುಬಿಟ್ಟಿತು. ಮಕ್ಕಳು ಆಗಷ್ಟೇ ಮನೆಗೆ ಹೋಗಿದ್ದರು, ದೇವರು ದೊಡ್ಡವನು. ಆಮೇಲೆ ಮಕ್ಕಳೆಲ್ಲ ಹುಣಸೆಮರದ ಕೆಳಗೆ ಕೂರುತ್ತಿದ್ದರು.

ನಮ್ಮ ಪ್ರೊಫೆಸರು ಊರವರನ್ನು ಸೇರಿಸಿ, ಎತ್ತಿನ ಹಗ್ಗ ನೇತುಬಿಟ್ಟು, ಕಮಾನಿನ ಪಾಠ ಮಾಡಿದರು. "ಹಗ್ಗ ನೇತಾಡ್ತೈತೆ ಸಾಮಿ, ಸೂರು ನೇತಾಡಿದ್ರೆ ಏನ್ ಗತಿ?" ಎಂದ ಒಬ್ಬ. ಎಲ್ಲರೂ ನಕ್ಕರು. ನಗದೆ ಇದ್ದವಳು ನನ್ನ ಚಿಕ್ಕವ್ವ ಓಬಳಮ್ಮ ಒಬ್ಬಳೇ. ಅವಳು ಬಾಲವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬೇಯಿಸುವವಳು. ಆಂಧ್ರದ ಕಡೆಯಿಂದ ಸೊಸೆಯಾಗಿ ಬಂದವಳಾದ್ದರಿಂದ ಮಾತಿನಲ್ಲಿ ತೆಲುಗು ಬೆರೆಯುತ್ತದೆ. ಅವಳ ಮಾತನ್ನು ಆ ಊರಲ್ಲಿ ಯಾರೂ ಮೀರುವುದಿಲ್ಲ.

"ಅಳಿಯಂದ್ರು ಓದಿದೋರು, ಅವುನು. ಓದಿದೋರ್ಗೆ ತಮ್ಮ ಮಾತೇ ಸರಿ ಕಾಣ್ತೈತೆ" ಎಂದಳು. "ಅದ್ಯಾವ್ದೋ ದೇಶ್ದಾಗೆ ಇಂಥ ಮನೇಲಿ ಜನ ಬದುಕ್ತಾರೆ ಅಂತೀರಲ್ಲ, ನಮ್ಮ ಗಂಗಿ ಹೋಗಿ ಅದ್ರಡಿ ಮಲ್ಗಿ ಎದ್ದು ಬರ್ಲಿ. ಅವ್ಳು ಸರಿ ಅಂದ್ರೆ ಕಟ್ರಿ. ಬ್ಯಾಡ ಅಂದ್ರೆ ಬ್ಯಾಡ." ಗಂಗಿ ಎಂದರೆ ನಾನು.

ಆ ಚಳಿಗಾಲ ಯಜಮಾನರನ್ನು ಈಜಿಪ್ಟಿನ ದಕ್ಷಿಣದ ಒಂದು ದ್ವೀಪಕ್ಕೆ, ಮಣ್ಣಿನ ಕಟ್ಟಡ ಕಲಿಸುವ ಶಿಬಿರಕ್ಕೆ ಕರೆದಿದ್ದರು. ಹೆಂಡತಿಯೂ ಬರಬಹುದಿತ್ತು. ಹೊರಡುವ ಮುಂಚೆ ಓಬಳಮ್ಮ ನನಗೆ ಮಡಿಲು ತುಂಬಿದಳು. ಅಕ್ಕಿ, ಬೆಲ್ಲ, ಅರಿಸಿನದ ಕೊಂಬು, ಜುಟ್ಟಿನ ತೆಂಗಿನಕಾಯಿ. ಸೆರಗಿನ ಗಂಟು ಬಿಗಿಯುತ್ತಾ, "ತವರಿನ ಮಡ್ಲಕ್ಕಿ ಕಟ್ಕಂಡು ಹೋದ ಮಗಳು ತವರಿಗೆ ಸುಳ್ಳು ಹೇಳಂಗಿಲ್ಲ ಕಣಮ್ಮ. ಗಂಡನ ಮಕ ನೋಡ್ಬ್ಯಾಡ, ಮಕ್ಕಳ ಮಕ ನೋಡು" ಎಂದಳು. ಹೀಗೆ ಗಂಡನ ಇಡೀ ಜೀವಮಾನದ ಕೆಲಸಕ್ಕೆ ನಾನು ಸಾಕ್ಷಿಯಾದೆ. ನನಗೋ, ಅವರ ಕಮಾನಿನ ಮೇಲೆ ನಂಬಿಕೆ ಅಷ್ಟಕ್ಕಷ್ಟೇ.

ಕೈರೋ, ತೆಂಗಿನಕಾಯಿಯ ವಿಚಾರಣೆ

ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮೋಡಗಳನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ಪಾವಗಡದವರಿಗೆ ಮೋಡವನ್ನು ಕೆಳಗಿನಿಂದ ನೋಡಿ ನೋಡಿಯೇ ಕತ್ತು ನೋವು. ಇಲ್ಲಿ ಇಷ್ಟೊಂದು ಸುಮ್ಮನೆ ಬಿದ್ದಿದೆಯಲ್ಲ, ಒಂದೆರಡನ್ನು ನಮ್ಮ ಕಡೆಗೆ ತಳ್ಳಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದುಕೊಳ್ಳುತ್ತಾ ನಿದ್ದೆ ಹೋದೆ.

ಕೈರೋದಲ್ಲಿ ಸಾಮಾನು ತಪಾಸಣೆ ಮಾಡುವ ಅಧಿಕಾರಿ ನನ್ನ ಮಡಿಲಕ್ಕಿ ಗಂಟನ್ನು ಬಿಚ್ಚಿದ. ಅಕ್ಕಿ ಬೆಲ್ಲಕ್ಕೆ ಸುಮ್ಮನಿದ್ದವನು ತೆಂಗಿನಕಾಯಿ ನೋಡಿ ಹುಬ್ಬು ಏರಿಸಿದ. ಜುಟ್ಟು ಹಿಡಿದು ಎತ್ತಿದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ನೀರು ಕುಲುಕಿದ್ದೇ ತಡ, ಮೆಲ್ಲಗೆ ಮೇಜಿನ ಮೇಲಿಟ್ಟು ಹಿಂದೆ ಸರಿದು, ಇನ್ನೊಬ್ಬನನ್ನು ಕರೆದ. ನಮ್ಮ ಪ್ರೊಫೆಸರು ನೆರವಿಗೆ ಬಂದರು. ಜೇಬಿನಿಂದ ಪೆನ್ನು ತೆಗೆದು ಕಾಯಿಯ ಚಿತ್ರ ಬರೆದು, ಚಿಪ್ಪು ಎಷ್ಟು ತೆಳ್ಳಗಿದ್ದರೂ ಗುಮ್ಮಟದ ಆಕಾರದಿಂದ ಅದಕ್ಕೆ ಹೇಗೆ ಬಲ ಬರುತ್ತದೆ ಎಂದು ವಿವರಿಸತೊಡಗಿದರು. ಅಧಿಕಾರಿಗಳಿಗೆ ಅನುಮಾನ ಇನ್ನೂ ಹೆಚ್ಚಾಯಿತು. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು.

ಇನ್ನು ಇವರನ್ನು ನಂಬಿದರೆ ಇಲ್ಲೇ ಸಂಸಾರ ಹೂಡಬೇಕು ಎಂದು ನಾನೇ ಕಾಯಿ ಕಿತ್ತುಕೊಂಡು ಮೇಜಿನ ಕಬ್ಬಿಣದ ಅಂಚಿಗೆ ಕುಟ್ಟಿದೆ. ಅದು ಎರಡು ಹೋಳಾಯಿತು, ನೀರು ಚಿಮ್ಮಿ ಅಧಿಕಾರಿಯ ಬಿಳಿ ಅಂಗಿ ಒದ್ದೆಯಾಯಿತು. ನಾನು ಒಂದು ಚೂರು ಎಬ್ಬಿ ನನ್ನ ಬಾಯಿಗೆ ಹಾಕಿಕೊಂಡೆ, ಇನ್ನೊಂದನ್ನು ಅವನಿಗೆ ಕೊಟ್ಟೆ. ಅಗಿದ. ಕಣ್ಣು ಮುಚ್ಚಿಕೊಂಡ. ಆಮೇಲೆ ಅತ್ತಿತ್ತಲಿನ ಮೇಜಿನವರನ್ನೆಲ್ಲ ಕರೆದ. ನನ್ನ ಮಡಿಲ ಕಾಯಿ ಹೀಗೆ ಕೈರೋದವರ ಹೊಟ್ಟೆ ಸೇರಿತು. ಹಂಚಿ ತಿಂದ ಕಾಯಿಗೆ ದೋಷವಿಲ್ಲ ಎಂದು ನಾನೇ ಒಂದು ಶಾಸ್ತ್ರ ಹುಟ್ಟಿಸಿಕೊಂಡು ಸಮಾಧಾನಪಟ್ಟೆ.

ರೈಲು, ಹೊಳೆಯ ಜೊತೆಗೆ

ಕೈರೋದಿಂದ ಆಸ್ವಾನಿಗೆ ರೈಲು. ದಾರಿಯುದ್ದಕ್ಕೂ ನೈಲ್ ಹೊಳೆ ಒಮ್ಮೆ ಹತ್ತಿರ ಬರುತ್ತದೆ, ಒಮ್ಮೆ ಖರ್ಜೂರದ ಮರಗಳ ಹಿಂದೆ ಮರೆಯಾಗುತ್ತದೆ. ಹೊಳೆಯ ಎರಡು ಕಡೆಯೂ ಹಸಿರು, ಆ ಹಸಿರು ಮುಗಿದ ಕಡೆ ಬರೀ ಮರಳು. ನಡುವೆ ಬೇಲಿಯೂ ಇಲ್ಲ, ಪೊದೆಯೂ ಇಲ್ಲ. ಒಂದು ಕಾಲು ಕಬ್ಬಿನ ಗದ್ದೆಯಲ್ಲಿ, ಇನ್ನೊಂದು ಕಾಲು ಮರಳುಗಾಡಿನಲ್ಲಿ ಇಟ್ಟು ನಿಲ್ಲಬಹುದು. ನಮ್ಮಲ್ಲಾದರೆ ಹಸಿರು ಹೀಗೆ ತಟಕ್ಕನೆ ನಿಲ್ಲುವುದಿಲ್ಲ. ಬುಕ್ಕಾಪಟ್ಟಣದ ಕಡೆ ಹೋದರೆ ಹೊಲ ಮುಗಿದು ಹುಲ್ಲು, ಹುಲ್ಲು ಮುಗಿದು ಜಾಲಿ, ಜಾಲಿ ಮುಗಿದು ಕಲ್ಲು, ಹೀಗೆ ಮೆಲ್ಲಮೆಲ್ಲಗೆ ಒಣಗುತ್ತಾ ಹೋಗುತ್ತದೆ.

ಎದುರಿನ ಸೀಟಿನಲ್ಲಿ ಕರಿ ಬಟ್ಟೆ ಹೊದ್ದ ಒಬ್ಬ ಅಜ್ಜಿ ಇದ್ದಳು. ನನ್ನ ಕುಂಕುಮವನ್ನು ಬಹಳ ಹೊತ್ತು ನೋಡಿ, ಗಾಯವಾಗಿದೆ ಎಂದುಕೊಂಡಳೋ ಏನೋ, ಕೈಚೀಲದಿಂದ ಒಂದು ಎಣ್ಣೆಯ ಶೀಶೆ ತೆಗೆದು ಹಚ್ಚಲು ಬಂದಳು. ಬೇಡ ಎನ್ನಲು ಮನಸ್ಸಾಗಲಿಲ್ಲ. ಹಚ್ಚಿಸಿಕೊಂಡೆ. ಕುಂಕುಮವೆಲ್ಲ ಕರಗಿ ಮೂಗಿನ ಮೇಲೆ ಇಳಿಯಿತು. ಅವಳಿಗೆ ಭಯವಾಗಿ ಇನ್ನಷ್ಟು ಎಣ್ಣೆ ಹಾಕಿದಳು. ಯಜಮಾನರು ಕಿಟಕಿಯ ಕಡೆ ಮುಖ ತಿರುಗಿಸಿ ಭುಜ ಕುಲುಕಿಸುತ್ತಾ ನಗುತ್ತಿದ್ದರು.

ಮಧ್ಯಾಹ್ನದ ಬಿಸಿಲಿನಲ್ಲಿ ರೈಲು ತೂಗುತ್ತಾ ಹೋಯಿತು. ಅಜ್ಜಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ಹೊರಗೆ ಒಬ್ಬ ಎತ್ತು ಕಟ್ಟಿ ರಾಟೆ ತಿರುಗಿಸಿ ನೀರೆತ್ತುತ್ತಿದ್ದ. ನಮ್ಮಪ್ಪ ಕಪಿಲೆ ಹೊಡೆಯುತ್ತಿದ್ದಾಗಿನ ಗಾಲಿಯ ಕಿರ್‍ಗುಟ್ಟು ಈ ಗಾಜಿನಾಚೆಯಿಂದ ಕೇಳಿಸಿದ ಹಾಗಾಯಿತು. ಎಚ್ಚರವೋ ಕನಸೋ ತಿಳಿಯದೆ ಎಷ್ಟು ದೂರ ಬಂದೆನೋ ಗೊತ್ತಿಲ್ಲ.

ದ್ವೀಪ, ಹಲೀಮಾಳ ಮನೆ

ಆಸ್ವಾನಿನಲ್ಲಿ ರೈಲಿಳಿದು ಹೊಳೆ ದಂಡೆಗೆ ಬಂದಾಗ ನಾನು ನಿಂತಲ್ಲೇ ನಿಂತೆ. ನೀರಿನ ನಡುವೆ ಗುಂಡುಬಂಡೆಗಳು, ಒಂದರ ಮೇಲೊಂದು, ಬಿಸಿಲಿಗೆ ಮೈ ಕಾಯಿಸುತ್ತಾ ಕೂತಿದ್ದವು. "ರೀ, ಮಧುಗಿರಿ!" ಎಂದೆ. ಯಜಮಾನರೂ ಅದನ್ನೇ ನೋಡುತ್ತಿದ್ದರು. ಮಧುಗಿರಿಯ ಬುಡಕ್ಕೆ ಒಂದು ಹೊಳೆ ಬಂದಿದ್ದರೆ ಹೀಗೇ ಇರುತ್ತಿತ್ತು. ಬಿಳಿ ಹಾಯಿಯ ದೋಣಿಗಳು ಆ ಬಂಡೆಗಳ ಸಂದಿಯಲ್ಲಿ ಸದ್ದಿಲ್ಲದೆ ನುಸುಳುತ್ತಿದ್ದವು. ನಮ್ಮ ಊರನ್ನೇ ಯಾರೋ ಕನಸಿನಲ್ಲಿ ಕಂಡು ಅದಕ್ಕೆ ನೀರು ಹಾಯಿಸಿದ್ದಾರೆ ಅನಿಸಿತು.

ದ್ವೀಪದಲ್ಲಿ ನಮಗೆ ಇಳಿದುಕೊಳ್ಳಲು ಕೊಟ್ಟದ್ದು ಇದ್ರೀಸ್ ಮತ್ತು ಹಲೀಮಾ ದಂಪತಿಗಳ ಮನೆ. ಆ ಸೀಮೆಯ ಮೂಲನಿವಾಸಿಗಳಾದ ನುಬಿಯಾದ ಜನ. ಇದ್ರೀಸ್ ಹಿಂದೆ ಕೈರೋದಲ್ಲಿ ಯಾರೋ ಪರದೇಶಿಗಳ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದವರು, ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು. ಈಗ ಶಿಬಿರದಲ್ಲಿ ಇಟ್ಟಿಗೆ ಕೆಲಸ ಮಾಡುತ್ತಿದ್ದರು. ಹಲೀಮಾ ನನ್ನ ಎರಡರಷ್ಟಿದ್ದಳು, ಬಾಗಿಲ ತುಂಬ ನಿಂತು ನಗುತ್ತಾ ಬರಮಾಡಿಕೊಂಡಳು. ಆ ಬಾಗಿಲ ಮೇಲೆ, ನಾವು ದೃಷ್ಟಿಗೆ ಬೂದುಗುಂಬಳ ಕಟ್ಟುವ ಜಾಗದಲ್ಲಿ, ಒಣಗಿಸಿದ ಮೊಸಳೆಯೊಂದು ಬಾಯಿ ತೆರೆದು ನೇತಾಡುತ್ತಿತ್ತು. ಅದರ ಕೆಳಗೆ ಹೋಗಲು ನಾನು ಸ್ವಲ್ಪ ಹಿಂದೇಟು ಹಾಕಿದ್ದು ನಿಜ. ದೃಷ್ಟಿಯೂ ನನ್ನಷ್ಟೇ ಹೆದರಿರಬೇಕು.

ಒಳಗೆ ಅಂಗಳಕ್ಕೆ ಸಗಣಿ ಸಾರಿಸಿರಲಿಲ್ಲ, ನುಣ್ಣನೆಯ ಮರಳು ಹಾಸಿದ್ದರು. ಬೆಳಗ್ಗೆ ಎದ್ದು ಹಲೀಮಾ ಅದನ್ನು ಗುಡಿಸಿ ಗೆರೆ ಎಳೆಯುತ್ತಿದ್ದಳು, ನಮ್ಮ ರಂಗೋಲಿಗೂ ಅದಕ್ಕೂ ಬಹಳ ದೂರವೇನಿಲ್ಲ. ಗೋಡೆಯಲ್ಲಿ ಬಣ್ಣದ ಪಿಂಗಾಣಿ ತಟ್ಟೆಗಳನ್ನು ಮಣ್ಣಿಗೆ ಒತ್ತಿ ಕೂರಿಸಿದ್ದರು. ಮೇಲೆ ಆ ಸೂರು. ತೊಲೆಯಿಲ್ಲ, ಜಂತೆಯಿಲ್ಲ, ಕಂಬವಿಲ್ಲ. ಈ ಗೋಡೆಯಿಂದ ಎದ್ದ ಮಣ್ಣು ತಲೆಯ ಮೇಲೆ ಬಾಗಿ ಆ ಗೋಡೆಗೆ ಇಳಿದಿತ್ತು.

ಹಲೀಮಾಳ ಜೊತೆ ಮಾತು ಶುರುವಾದದ್ದು ಶಿರಾದ ದಯೆಯಿಂದ. ನಾನು ಟೀಚರಾಗಿ ಮೊದಲು ಕೆಲಸಕ್ಕೆ ಸೇರಿದ್ದು ಶಿರಾದಲ್ಲಿ, ಬಾಡಿಗೆಗೆ ಇದ್ದದ್ದು ಒಬ್ಬ ಸಾಬರ ಮನೆಯಲ್ಲಿ. ಅಲ್ಲಿ ಕಲಿತ ಉರ್ದುವಿನ ಒಂದೊಂದೇ ಮಾತನ್ನು ಇಲ್ಲಿ ಎಸೆದು ನೋಡಿದೆ. ಕುರ್ಸಿ ಎಂದರೆ ಕುರ್ಚಿ ತಂದಳು, ಸಾಬೂನ್ ಎಂದರೆ ಸೋಪು ಕೊಟ್ಟಳು, ಹವಾ ಎಂದರೆ ಕಿಟಕಿ ತೆಗೆದಳು. ಉರ್ದು ಅರಬ್ಬಿಯಿಂದ ಸಾಲ ತಂದ ಮಾತುಗಳಂತೆ ಅವು. ಶಿರಾದ ಕಡಲೆಕಾಯಿ ಮಂಡಿಯಲ್ಲಿ ಬಳಸುವ ಮಾತು ನೈಲ್ ನದಿಯಲ್ಲಿ ಈಜುತ್ತದೆ ಎಂದು ಯಾರಿಗೆ ಗೊತ್ತಿತ್ತು? ಕೈ ಸನ್ನೆಯಲ್ಲಿ ಮಕ್ಕಳೆಷ್ಟು ಎಂದು ಕೇಳಿದಳು. ನಾನು ಬರಿಗೈ ತೋರಿಸಿದೆ. ಅವಳು ಚ್ಚು ಚ್ಚು ಅನ್ನಲಿಲ್ಲ, ಯಾವ ದೇವರ ಹೆಸರೂ ಹೇಳಲಿಲ್ಲ. ಖರ್ಜೂರದ ತಟ್ಟೆಯನ್ನು ನನ್ನ ಕಡೆ ಸರಿಸಿದಳು. ಅದಕ್ಕೇ ಅವಳು ನನಗೆ ಇಷ್ಟವಾದದ್ದು.

ಮಧ್ಯಾಹ್ನ ಊಟವಾದ ಮೇಲೆ ಆ ದ್ವೀಪವೇ ಮಲಗುತ್ತದೆ. ನಾಯಿ, ಕತ್ತೆ, ಕೋಳಿ, ಮನುಷ್ಯರು ಎಲ್ಲರೂ. ನಾನು ಸಾಕ್ಷಿಯ ಕೆಲಸ ಶುರುಮಾಡಿದೆ. ಚಾಪೆ ಹಾಸಿ ಅಂಗಾತ ಮಲಗಿ, ಸೂರನ್ನೇ ದಿಟ್ಟಿಸಿದೆ. ಬೀಳುವುದಾದರೆ ಬೀಳು, ನೋಡಿಯೇ ಬಿಡುತ್ತೇನೆ ಎಂಬ ಹಟ. ಓಡುವುದಕ್ಕೆ ಸುಲಭವಾಗಲಿ ಎಂದು ಕಾಲು ಮಾತ್ರ ಬಾಗಿಲ ಕಡೆಗಿಟ್ಟಿದ್ದೆ. ಚಳಿಗಾಲದಲ್ಲೂ ಹೊರಗೆ ಬಿಸಿಲು ಚುರುಚುರು, ಒಳಗೆ ಹೊಸ ಮಡಕೆಯ ನೀರಿನಂಥ ತಂಪು. ನಿಟ್ಟುಸಿರು ಬಿಟ್ಟರೆ ಅದು ಮೇಲೆ ಹೋಗಿ, ಬಾಗಿ, ನಿಧಾನವಾಗಿ ಯಾರದೋ ಉಸಿರಿನ ಹಾಗೆ ನನ್ನ ಕಿವಿಗೇ ಮರಳುತ್ತಿತ್ತು. ನಮ್ಮ ಮಾಳಿಗೆ ಮನೆಯಲ್ಲಿ ಮಲಗಿದರೆ ತೊಲೆಯ ಲೆಕ್ಕ ಹಾಕುತ್ತಾ, ಹಲ್ಲಿಯ ದಾರಿ ನೋಡುತ್ತಾ ಕಣ್ಣಿಗೆ ಕೆಲಸವಿರುತ್ತದೆ. ಇಲ್ಲಿ ಕಣ್ಣು ಎಲ್ಲೂ ನಿಲ್ಲದೆ ಜಾರಿ ಜಾರಿ ಮತ್ತೆ ಕೆಳಗೆ ಬರುತ್ತಿತ್ತು. ಹಾಗೆ ಜಾರುತ್ತಲೇ ನಿದ್ದೆ. ಕನಸಿನಲ್ಲಿ ನಿಡುಗಲ್ ಬೆಟ್ಟ ಟೊಳ್ಳಾಗಿತ್ತು, ನಾನು ಅದರೊಳಗೆ ಮಲಗಿದ್ದೆ, ಹೊರಗೆ ಕುರಿಗಳು ಬೆಟ್ಟದ ಮೇಲೆ ನಡೆಯುತ್ತಿದ್ದ ಸದ್ದು ಮೆತ್ತಗೆ ಕೇಳುತ್ತಿತ್ತು.

ಎದ್ದಾಗ ಹಲೀಮಾ ಚಹಾ ಹಿಡಿದು ನಿಂತಿದ್ದಳು. ಸೂರು ಇದ್ದಲ್ಲೇ ಇತ್ತು.

ಶಿಬಿರ, ಕಮಾನು ಏರಿದ ದಿನ

ಶಿಬಿರದಲ್ಲಿ ಹೊಸ ಕೋಣೆಯೊಂದಕ್ಕೆ ಸೂರು ಕಟ್ಟುವುದನ್ನು ನೋಡಲು ನನ್ನನ್ನೂ ಕರೆದರು. ಹಿಂಬದಿಯ ಗೋಡೆಯನ್ನು ಮೊದಲೇ ಎತ್ತರಿಸಿರುತ್ತಾರೆ. ಅದರ ಮೇಲೆ ಹಸಿಮಣ್ಣಿನಲ್ಲಿ ಕಮಾನಿನ ಗೆರೆ ಬರೆಯುತ್ತಾರೆ. ಹುಲ್ಲು ಬೆರೆಸಿದ ತೆಳು ಇಟ್ಟಿಗೆಯ ಮೇಲೆ ಬೆರಳಿನಿಂದ ಗೀರು ಹಾಕಿ, ಮಣ್ಣು ಮೆತ್ತಿ, ಆ ಗೋಡೆಗೆ ವಾಲಿಸಿ ಅಂಟಿಸುತ್ತಾರೆ. ಒಂದು ಸುತ್ತು ಹಿಂದಿನ ಸುತ್ತಿಗೆ ಒರಗುತ್ತದೆ, ಮುಂದಿನದು ಇದಕ್ಕೆ ಒರಗುತ್ತದೆ. ಕೆಳಗೆ ಆಸರೆಗೆ ಹಲಗೆಯಿಲ್ಲ, ಬೊಂಬು ಇಲ್ಲ. ಇಟ್ಟಿಗೆ ಗಾಳಿಯಲ್ಲಿ ನಿಂತದ್ದು ನೋಡಿ ನಾನು ಬಾಯಿ ತೆರೆದುಕೊಂಡು ಕೂತೆ.

ನಮ್ಮ ಪ್ರೊಫೆಸರು ಅಂಗಿ ಬಿಚ್ಚಿಟ್ಟು, ಪಂಚೆ ಎತ್ತಿಕಟ್ಟಿ, ಮೊಣಕೈವರೆಗೆ ಕೆಸರು ಮಾಡಿಕೊಂಡಿದ್ದರು. ಒಂದು ಇಟ್ಟಿಗೆ ತಾವೇ ಇಡುತ್ತೇನೆ ಎಂದು ಹಟ ಹಿಡಿದರು. ಇಟ್ಟರು. ಕೈ ಬಿಟ್ಟರು. ಅದು ನೇರವಾಗಿ ಹಲೀಮಾ ತಂದಿದ್ದ ಚಹಾದ ತಟ್ಟೆಯ ನಡುವೆ ಬಿತ್ತು. ಇದ್ರೀಸ್ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಎರಡನೆಯದೂ ಬಿತ್ತು. ಮೂರನೆಯದನ್ನು ಒತ್ತಿ ಹಿಡಿದು, ಹಸುಗೂಸನ್ನು ತೊಟ್ಟಿಲಲ್ಲಿ ಮಲಗಿಸಿದವರಂತೆ ಬೆರಳುಗಳನ್ನು ಒಂದೊಂದೇ ತೆಗೆದರು. ನಿಂತಿತು. ನನ್ನ ಕಡೆ ತಿರುಗಿ, "ನೋಡಿದ್ಯೇನೇ?" ಎಂದರು.

ಆ ವಯಸ್ಸಿನಲ್ಲಿ, ಕೆಸರು ಮೆತ್ತಿದ ಮೀಸೆಯಲ್ಲಿ, ಅಷ್ಟು ಸಂತೋಷ ನಾನು ಅವರ ಮುಖದಲ್ಲಿ ಎಂದೂ ಕಂಡಿರಲಿಲ್ಲ. ನನಗೆ ಅವರ ಮೇಲೆ ಪ್ರೀತಿ ಉಕ್ಕಿಬಂತು. ಹೀಗೆ ಬರೆಯಲು ನಾಚಿಕೆಯೇನಿಲ್ಲ, ಗಂಡ ತಾನೇ. ಊರಿಗೆ ಹೋಗಿ "ಕಟ್ಟಿ" ಎಂದುಬಿಡುತ್ತೇನೆ ಎಂದು ಆ ಹೊತ್ತೇ ನಿಶ್ಚಯ ಮಾಡಿದೆ. ಮಲಗಿ ಎದ್ದಾಗಿತ್ತು, ಕಣ್ಣಾರೆ ಕಂಡಾಗಿತ್ತು, ಇನ್ನೇನು ಬೇಕು?

ದೋಣಿ, ಸಂಜೆ

ಹೊರಡುವ ಹಿಂದಿನ ದಿನ ಉಳಿದ ಮಡಿಲಕ್ಕಿಯಲ್ಲಿ ಚಿತ್ರಾನ್ನ ಮಾಡಿದೆ. ಹಲೀಮಾ ಅಕ್ಕಿ ಆರಿಸುತ್ತಾ ಕೂತಿದ್ದಳು, ಇದ್ರೀಸ್ ನಮ್ಮಿಬ್ಬರ ಮಾತು ಅತ್ತಿಂದಿತ್ತ ದಾಟಿಸುತ್ತಿದ್ದರು. ಸುಮ್ಮನೆ ಬಾಯಿಗೆ ಬಂದದ್ದನ್ನು ಕೇಳಿದೆ. "ಮಳೆ ಬಂದರೆ ಈ ಸೂರಿಗೆ ಏನು ಮಾಡ್ತೀರಿ?"

ಹಲೀಮಾ ಕೈ ನಿಲ್ಲಿಸಿ ಯೋಚಿಸಿದಳು. ತಂಗಿಯ ಮದುವೆಯಾದ ವರ್ಷ ಒಂದು ಸಲ ಬಂದಿತ್ತಂತೆ. ಸಾಮಾನು ಒಳಗಿಡುವುದನ್ನೂ ಮರೆತು ಎಲ್ಲರೂ ಹೊರಗೆ ಓಡಿ ಮುಖ ಎತ್ತಿಕೊಂಡು ನಿಂತಿದ್ದರಂತೆ. "ಆಗ ಸೂರು?" ಎಂದೆ. "ಆ ಮೂಲೆ ಕರಗಿ ಇಳಿಯಿತು. ಆಮೇಲೆ ಮಣ್ಣು ಮೆತ್ತಿದೆವು" ಎಂದು ಇದ್ರೀಸ್ ಅದೊಂದು ವಿಷಯವೇ ಅಲ್ಲ ಎಂಬಂತೆ ಹೇಳಿದರು. ಹಲೀಮಾ ಮತ್ತೆ ಅಕ್ಕಿ ಆರಿಸತೊಡಗಿದಳು. ನಾನು ಮಾತ್ರ ತಲೆ ಎತ್ತಿ ಆ ಮೂಲೆಯನ್ನೇ ನೋಡಿದೆ. ಇಲ್ಲಿ ಮಳೆಯೇ ಇಲ್ಲ! ನಮ್ಮೂರಲ್ಲಿ ವರ್ಷವಿಡೀ ಕಾಯಿಸಿ ಸತಾಯಿಸಿದರೂ, ಬಂದ ದಿನ ಮಳೆ ಕೊಡದಲ್ಲಿ ಸುರಿದಂತೆ ಸುರಿಯುತ್ತದೆ. ಬಾಲವಾಡಿ ಬಿದ್ದದ್ದು ಅಂಥ ಮಳೆಗೇ.

ಅವತ್ತು ಸಂಜೆ ನಮ್ಮಿಬ್ಬರನ್ನು ದೋಣಿಯಲ್ಲಿ ಸುತ್ತಾಡಿಸಲು ಕಳಿಸಿದರು. ಅಂಬಿಗ ತನ್ನ ಪಾಡಿಗೆ ಏನೋ ಗುನುಗುತ್ತಿದ್ದ. ನೀರು ತಾಮ್ರದ ಬಣ್ಣಕ್ಕೆ ತಿರುಗಿತ್ತು, ಬಂಡೆಗಳು ನೀರಿನಲ್ಲಿ ತಮ್ಮ ನೆರಳಿನ ಮೇಲೆ ತಾವೇ ತೇಲುತ್ತಿದ್ದವು. ಎಂಥ ಚೆಲುವು! ಅನುಭವಿಸಲು ನನಗೆ ಮನಸ್ಸೇ ಇರಲಿಲ್ಲ.

"ಇಲ್ಲಿ ಮಳೆ ಬರಲ್ಲ ಅಂತ ನಿಮಗೆ ಗೊತ್ತಿತ್ತು ತಾನೇ?" ಎಂದೆ.

"ಗೊತ್ತಿತ್ತು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನಿನ್ನನ್ನ ಕಳಿಸಿದ್ದು ಅವರು ಕಣೇ, ನಾನಲ್ಲ. ಸಾಕ್ಷಿಗೆ ಪಾಠ ಹೇಳಿಕೊಡಬಾರದು."

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಹಗ್ಗ ದಾರ ಎಲ್ಲದಕ್ಕೂ ಪಾಠ ಹೇಳಿದ ಮನುಷ್ಯ ಇದೊಂದಕ್ಕೆ ಬಾಯಿ ಮುಚ್ಚಿಕೊಂಡಿದ್ದರು. "ನಾನು ಇದನ್ನ ಹೇಳಿಬಿಟ್ರೆ ನಿಮ್ಮ ಕಮಾನು ಹೋಯ್ತು. ಇನ್ನೊಂದು ಊರು ಸಿಗಲ್ಲ ನಿಮಗೆ."

"ಸಿಗಲ್ಲ" ಎಂದರು. ಆಮೇಲೆ, "ಗಾಳಿ ತಣ್ಣಗಿದೆ, ಸೆರಗು ಹೊದ್ಕೋ" ಎಂದರು. ಅಷ್ಟೇ. ಹೇಳಬೇಡ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅನ್ನದೆ ಹೋದದ್ದಕ್ಕೆ ನನಗೆ ಅಳು ಬಂತು. ಅಂಬಿಗ ನೋಡದಿರಲಿ ಎಂದು ನೀರಿಗೆ ಕೈ ಬಿಟ್ಟುಕೊಂಡು ಕೂತೆ. ದೋಣಿ ತನ್ನಷ್ಟಕ್ಕೆ ಹೋಗುತ್ತಿತ್ತು.

ಮರಳಿ ಊರು

ಪಾವಗಡದ ಬಸ್ಸು ಇಳಿದು ಊರಿಗೆ ಹೋದರೆ ಹುಣಸೆಮರದ ಕೆಳಗೆ ಎಲ್ಲರೂ ಸೇರಿದ್ದರು. ಮಕ್ಕಳು ಮುಂದೆ, ಹೆಂಗಸರು ಬಲಕ್ಕೆ. ಓಬಳಮ್ಮ ನನ್ನನ್ನು ಕಲ್ಲಿನ ಮೇಲೆ ಕೂರಿಸಿ, "ಏಮೇ ಗಂಗೀ, ಚೆಪ್ಪು" ಎಂದಳು.

ನಾನು ಎಲ್ಲ ಹೇಳಿದೆ. ಮೊಸಳೆ, ಮರಳು, ಗಾಳಿಯಲ್ಲಿ ನಿಂತ ಇಟ್ಟಿಗೆ, ಹೆದರಿಕೊಂಡೇ ಮಲಗಿದ್ದು, ಹಾಯಾಗಿ ಎದ್ದದ್ದು. ಯಜಮಾನರು ಹಿಂದೆ ಮರಕ್ಕೆ ಒರಗಿ ನಿಂತಿದ್ದರು. ಅವರ ಕಡೆ ನೋಡಬಾರದು ಎಂದುಕೊಂಡೇ ಮಾತು ಮುಗಿಸಿದೆ. "ಆದರೆ ಅಲ್ಲಿ ಮಳೆ ಇಲ್ಲ. ಒಂದು ಸಲ ಬಂದಾಗ ಒಂದು ಮೂಲೆ ಕರಗಿತಂತೆ."

ಆಮೇಲೆ ಹಿಂದಿನಿಂದ ಒಂದು ದನಿ ಬಂತು. "ನಮ್ಮೂರಾಗೆ ಮಾತ್ರ ಎಲ್ಲೈತೆ ಬುಡಕ್ಕ ಮಳೆ?"

ಮರದ ಕೆಳಗೆಲ್ಲ ನಗು ಹೊಮ್ಮಿತು. ನನಗೂ ನಗು ತಡೆಯಲಾಗಲಿಲ್ಲ. ಓಬಳಮ್ಮ ಮಾತ್ರ ಕೈಯೆತ್ತಿದಳು. "ನಗಬ್ಯಾಡ್ರಲೇ. ನಮ್ಮ ಮಾಳಿಗೆ ಕೂತಿದ್ದು ಅಂಥ ಒಂದೇ ಮಳೆಗೆ." ನಗು ನಿಂತಿತು.

ಆಗ ಯಜಮಾನರು ಮುಂದೆ ಬಂದರು. "ಅವಳು ಹೇಳಿದ್ದೆಲ್ಲ ಸರಿ. ಬರೀ ಮಣ್ಣು ನಮ್ಮ ಮಳೆಗೆ ನಿಲ್ಲಲ್ಲ. ಮೇಲೆ ಗಾರೆ ಹಾಕ್ತೀನಿ. ಸುಣ್ಣ, ಮರಳು, ಬೆಲ್ಲ, ಅಳಲೆಕಾಯಿ ನೀರು, ನಮ್ಮ ಹಿರೀಕರು ಅರೀತಿದ್ದ ಗಾರೆ. ಶಿರಾದ ಹಳೇ ಮಸೀದಿ ಗುಮ್ಮಟಗಳ ಮೇಲೆ ಎಷ್ಟು ಮಳೆ ಹುಯ್ದಿಲ್ಲ?" ಎಂದರು. "ಆದರೆ ಹಸಿ ಇಟ್ಟಿಗೆ ಕಮಾನಿನ ಮೇಲೆ ಗಾರೆ ಹಾಕಿ ನಾನು ಇದುವರೆಗೆ ಕಟ್ಟಿಲ್ಲ. ನಿಲ್ಲುತ್ತೆ ಅಂತ ನನ್ನ ನಂಬಿಕೆ. ನಂಬಿಕೆ ಅಷ್ಟೇ."

ಓಬಳಮ್ಮ ಅವರನ್ನು ನೋಡಲೇ ಇಲ್ಲ. ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಅದೆಲ್ಲ ನಂಗ್ಯಾಕೆ? ನೀನು ಹೇಳು. ನಿನ್ನ ಮಗೂನೇ ಆಗಿದ್ರೆ, ಅದ್ರಡಿ ಕೂರುಸ್ತಿದ್ಯೇನೇ?"

ಕೇಳಿದ ಮೇಲೆ ಅವಳಿಗೇ ತಿಳಿಯಿತು. ನಾಲಿಗೆ ಕಚ್ಚಿಕೊಂಡಳು. ಹೆಂಗಸರೆಲ್ಲ ನೆಲ ನೋಡಿದರು. ಇಷ್ಟು ವರ್ಷದಲ್ಲಿ ಊರಿನ ಒಬ್ಬರೂ ನನ್ನ ಮುಂದೆ ಆಡದೆ ಕಾಪಾಡಿಕೊಂಡು ಬಂದಿದ್ದ ಮಾತು ಅದು. ನಾನು ಅಳಲಿಲ್ಲ. ಯಾಕೋ ಆ ಪ್ರಶ್ನೆಯನ್ನು ಒಬ್ಬರಾದರೂ ಕೇಳಲಿ ಎಂದು ಕಾದಿದ್ದೆನೇನೋ ಎನಿಸಿತು. ಇಲ್ಲದ ಮಗುವನ್ನು ಕಣ್ಣ ಮುಂದೆ ತಂದುಕೊಂಡೆ. ಅದಕ್ಕೆ ಎಣ್ಣೆ ಹಚ್ಚಿ ತಲೆ ಬಾಚಿದೆ, ಸ್ಲೇಟು ಕೊಟ್ಟೆ, ಕಮಾನಿನ ಕೆಳಗೆ ಕೂರಿಸಿದೆ. ಮೇಲೆ ಮೋಡ ಕಟ್ಟಿಸಿದೆ. ನಿಜವಾಗಿಯೂ ಇದನ್ನೆಲ್ಲ ಮಾಡಿ ನೋಡಿಯೇ ಉತ್ತರ ಹೇಳಿದೆ.

"ಕೂರಿಸ್ತಿದ್ದೆ ಚಿಕ್ಕವ್ವ. ಮಳೆ ಬಂದ ದಿನ ನಾನೂ ಪಕ್ಕದಲ್ಲೇ ಕೂರ್ತಿದ್ದೆ."

ಓಬಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಸರೇ. ಅಂಗೇ ಬಂದು ಕೂತ್ಕಾ" ಎಂದಳು. ಊರಿನ ಒಪ್ಪಿಗೆ ಅಷ್ಟರಲ್ಲೇ ಮುಗಿಯಿತು.

ಬೇಸಿಗೆಯಲ್ಲಿ ಬಾಲವಾಡಿ ಎದ್ದಿತು. ಮೊದಲ ಮಳೆಗೆ ಕಾದು ನಾವು ಊರಲ್ಲೇ ಉಳಿದೆವು. ಅದು ಬಂದದ್ದು ಒಂದು ಮಧ್ಯಾಹ್ನ, ಬೆಟ್ಟವನ್ನು ಮರೆಮಾಡಿಕೊಂಡು, ಮಣ್ಣಿನ ವಾಸನೆಯನ್ನು ಮುಂದೆ ಅಟ್ಟಿಕೊಂಡು. ನಾನು ಓಡಿಹೋಗಿ ಮಕ್ಕಳ ನಡುವೆ ಕೂತೆ. ಓಬಳಮ್ಮ ಉಪ್ಪಿಟ್ಟಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಳು. ಸೂರಿನ ಮೇಲೆ ಮಳೆ ಬಿದ್ದ ಸದ್ದು ಒಳಗೆ ದೂರದ ತಮಟೆಯ ಹಾಗೆ ಕೇಳುತ್ತಿತ್ತು. ಮಕ್ಕಳೆಲ್ಲ ತಲೆ ಎತ್ತಿ ನೋಡಿದವು. ಒಂದು ಹುಡುಗಿ ಕೇಳದೆ ನನ್ನ ತೊಡೆ ಹತ್ತಿ ಕೂತು, ಸ್ವಲ್ಪ ಹೊತ್ತಿಗೆ ಅಲ್ಲೇ ತೂಕಡಿಸಿತು. ನಾನು ಮೂಲೆ ಮೂಲೆ ನೋಡಿದೆ, ಗೋಡೆ ಮುಟ್ಟಿ ನೋಡಿದೆ, ಮತ್ತೆ ನೋಡಿದೆ.

ಕಿಟಕಿಯಾಚೆ ಯಜಮಾನರು ಮಳೆಯಲ್ಲಿ ನಿಂತಿದ್ದರು. ಕೊಡೆಯಿಲ್ಲ, ಕನ್ನಡಕದ ಮೇಲೆಲ್ಲ ನೀರು. ಎರಡು ಅಂಗೈಯನ್ನೂ ಗೋಡೆಗೆ ಒತ್ತಿ ಹಿಡಿದಿದ್ದರು. ಒಳಗೆ ಬರಲು ಅವರಿಗೆ ಧೈರ್ಯವಿರಲಿಲ್ಲ.

ಮಗು ಏಳದಂತೆ ಮೆಲ್ಲಗೆ ಕರೆದೆ. "ಒಳಗೆ ಬನ್ರೀ, ಸೋರ್ತಾ ಇಲ್ಲ."